ಉಜ್ಜುವ ಮುಂಚೆ ಒಂದು ಹನಿ ಸ್ಪಿರಿಟ್

ಹಳೇ ಕುರ್ಚಿಗೋ ಮಂಚಕ್ಕೋ ಹೊಸ ಪಾಲೀಶ್ ಹಾಕೋಣ ಅಂತ ಹೊರಟವರು ಮೊದಲು ಅಂಗಡಿಯಿಂದ ತರುವುದು 80ನೇ ನಂಬರಿನ ಸ್ಯಾಂಡ್‌ಪೇಪರ್. ಕೆಲಸ ಕೆಡುವುದು ಅಲ್ಲಿಂದಲೇ. ಉಜ್ಜಿದ ಬಿಸಿಗೆ ಹಳೇ ವಾರ್ನಿಷ್ ಮೆತ್ತಗಾಗಿ ಪೇಪರಿನ ಹರಳುಗಳ ಮಧ್ಯೆ ಮೇಣದ ಹಾಗೆ ಕೂತುಕೊಳ್ಳುತ್ತದೆ. ನಾಲ್ಕು ಸಲ ಎಳೆಯುವಷ್ಟರಲ್ಲಿ ಪೇಪರ್ ನುಣುಪಾಗಿ ಕೆಲಸಕ್ಕೆ ಬಾರದಂತಾಗುತ್ತದೆ. ಆಗ ಕೈ ಜೋರಾಗುತ್ತದೆ. ಜೋರಾದ ಕೈ ಅಂಚುಗಳನ್ನು ಗುಂಡು ಮಾಡುತ್ತದೆ, ಕಡೆದ ಕಾಲಿನ ಬಳೆಗಳನ್ನು ಸವೆಸುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಐವತ್ತು ಅರವತ್ತು ವರ್ಷ ಬೆಳಕು ಬಿದ್ದು ಮರದ ಮೇಲ್ಮೈಗೆ ಬಂದ ಬಣ್ಣ ಪುಡಿಯಾಗಿ ನೆಲಕ್ಕೆ ಬೀಳುತ್ತದೆ. ಆ ಬಣ್ಣ ಕೂದಲೆಳೆಯಷ್ಟು ಮಂದವೂ ಇರುವುದಿಲ್ಲ. ಸಪಾಟು ಜಾಗದಲ್ಲಿ ಹೋಗಿ ಮೂಲೆಯಲ್ಲಿ ಉಳಿದರೆ ಆಮೇಲೆ ಎಂಥ ಪಾಲೀಶ್ ಹಾಕಿದರೂ ತೇಪೆ ಹಾಕಿದಂತೆ ಕಾಣುತ್ತದೆ.

ಹೋಗಬೇಕಾದ್ದು ವಾರ್ನಿಷ್, ಮರ ಅಲ್ಲ. ವಾರ್ನಿಷನ್ನು ಮೆತ್ತಗೆ ಮಾಡಿ ಎತ್ತಬೇಕು. ಅದಕ್ಕೆ ಮೊದಲು ಮೇಲಿರುವುದು ಏನು ಅಂತ ಗೊತ್ತಾಗಬೇಕು. ಹೊಳೆಯುವುದಕ್ಕೆಲ್ಲ ನಾವು 'ವಾರ್ನಿಷ್' ಅನ್ನುತ್ತೇವೆ, ಆದರೆ ಆ ಒಂದು ಹೆಸರಿನ ಕೆಳಗೆ ಐದಾರು ಬೇರೆ ಬೇರೆ ಪದಾರ್ಥಗಳಿವೆ.

ಪತ್ತೆ ಮಾಡಲು ಬೇಕಾಗುವುದು ಸ್ವಲ್ಪ ಪಾಲೀಶ್ ಸ್ಪಿರಿಟ್, ಸ್ವಲ್ಪ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್, ಒಂದಿಷ್ಟು ಹತ್ತಿ. ಕಣ್ಣಿಗೆ ಬೀಳದ ಜಾಗ ಹುಡುಕಿ: ಕುರ್ಚಿಯಾದರೆ ಹಿಂಗಾಲಿನ ಒಳಬದಿ, ಬೀರುವಾದರೆ ಬಾಗಿಲಿನ ಕೆಳಅಂಚು. ಧೂಳು ಒರೆಸಿ ಸ್ಪಿರಿಟ್‌ನಲ್ಲಿ ಅದ್ದಿದ ಹತ್ತಿಯನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ತೆಗೆದ ಕೂಡಲೇ ಬೆರಳಿಟ್ಟು ನೋಡಿ. ಅಂಟಂಟಾಗಿ ಹತ್ತಿಗೆ ಕಂದು ಬಣ್ಣ ಹತ್ತಿದ್ದರೆ ಅದು ಅರಗಿನ ಪಾಲೀಶ್, ಅಂದರೆ ಫ್ರೆಂಚ್ ಪಾಲೀಶ್. ಏನೂ ಆಗದಿದ್ದರೆ ಪಕ್ಕದಲ್ಲೇ ಥಿನ್ನರ್ ಇಟ್ಟು ನೋಡಿ. ಕರಗಿ ಬಂದರೆ ಎನ್‌ಸಿ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಎಣ್ಣೆ ವಾರ್ನಿಷ್, ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್). ಎಣ್ಣೆ ವಾರ್ನಿಷ್ ಹಳತಾದಷ್ಟೂ ಬೆಲ್ಲದ ಪಾಕದ ಬಣ್ಣಕ್ಕೆ ತಿರುಗುತ್ತದೆ, ಒಣಗಿದ ಕೆರೆಯಂಗಳದ ಹಾಗೆ ಬಿರುಕು ಬಿಡುತ್ತದೆ. ಮೆಲಮೈನ್ ಮತ್ತು ಪಿಯು ಇತ್ತೀಚಿನವು. ಪ್ಲಾಸ್ಟಿಕ್ ಹೊಳಪು ಇರುತ್ತದೆ, ಹಾಳಾದಾಗ ಹಾಳೆಯಾಗಿ ಎದ್ದು ಬರುತ್ತವೆ.

ಈ ಒಂದು ನಿಮಿಷದ ಪರೀಕ್ಷೆ ದಿನಗಟ್ಟಲೆ ಕೆಲಸ ಉಳಿಸುತ್ತದೆ. ನಮ್ಮ ಕಡೆಯ ಹಳೇ ಮನೆಗಳ ತೇಗ, ಬೀಟೆ ಸಾಮಾನಿನ ಮೇಲೆ ಮೂಲದಲ್ಲಿ ಇದ್ದದ್ದು ಬಹಳ ಸಲ ಅರಗೇ. ಚುನಾವಣೆಯ ಶಾಯಿಯಿಂದ ಹೆಸರಾದ ನಮ್ಮ ಮೈಸೂರಿನ ಕಾರ್ಖಾನೆ 1937ರಲ್ಲಿ ಶುರುವಾದಾಗ ಅದರ ಹೆಸರು ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್. ಶಾಯಿಗಿಂತ ಮೊದಲು ಅಲ್ಲಿದ್ದದ್ದು ಅರಗು. ಅರಗು ಸ್ಪಿರಿಟ್‌ನಲ್ಲಿ ಕರಗಿಸಿ ಹಚ್ಚುವಂಥದ್ದು, ನೂರು ವರ್ಷ ಕಳೆದರೂ ಸ್ಪಿರಿಟ್‌ನಲ್ಲೇ ಕರಗಿ ವಾಪಸ್ಸು ಬರುತ್ತದೆ. ಎಣ್ಣೆ ವಾರ್ನಿಷ್ ಹಾಗಲ್ಲ. ಅದು ಗಾಳಿಯ ಆಮ್ಲಜನಕ ಹೀರಿ ಒಣಗಿ ಬೇರೆಯೇ ಪದಾರ್ಥವಾಗಿಬಿಡುತ್ತದೆ. ಹಚ್ಚುವಾಗ ಟರ್ಪೆಂಟೈನ್‌ನಲ್ಲಿ ಬೆರೆಸಿದ್ದರೂ ಒಣಗಿದ ಮೇಲೆ ಟರ್ಪೆಂಟೈನ್ ಅದನ್ನು ಮುಟ್ಟಲಾರದು.

ಒಂದು ತೊಡಕಿದೆ. ಗೌರಿ ಹಬ್ಬಕ್ಕೋ ದಸರಾಕ್ಕೋ ಮುಂಚೆ ಸುಣ್ಣಬಣ್ಣದ ಜೊತೆಗೆ ಮರದ ಸಾಮಾನಿಗೂ 'ಒಂದು ಕೈ ವಾರ್ನಿಷ್ ಬಳಿದುಬಿಡಿ' ಅನ್ನುವ ಪದ್ಧತಿ ನಮ್ಮಲ್ಲಿ ಬಹಳ. ಹಾಗಾಗಿ ಕೆಳಗೆ ಅರಗು, ಅದರ ಮೇಲೆ ಧೂಳು, ಧೂಳಿನ ಮೇಲೆ ನಾಲ್ಕೈದು ಪದರ ಎಣ್ಣೆ ವಾರ್ನಿಷ್. ಮೇಲಿನ ಪದರ ಸ್ಪಿರಿಟ್‌ಗೆ ಜಗ್ಗುವುದಿಲ್ಲ, ಪರೀಕ್ಷೆ ಸುಳ್ಳು ಹೇಳುತ್ತದೆ. ಬ್ಲೇಡಿನ ತುದಿಯಿಂದ ಕಡಲೆಕಾಳಿನಷ್ಟು ಜಾಗ ಕೆರೆದು, ಕೆಳಗಿನ ಪದರಕ್ಕೂ ಸ್ಪಿರಿಟ್ ಇಟ್ಟು ನೋಡಿ. ಕೆಳಗೆ ಅರಗಿದ್ದರೆ ಒಳ್ಳೆಯದೇ. ಅರಗಿನ ಮೇಲೆ ಕೂತ ವಾರ್ನಿಷ್ ಮರಕ್ಕೆ ಇಳಿದಿರುವುದಿಲ್ಲ, ಸುಲಭವಾಗಿ ಏಳುತ್ತದೆ.

ಇನ್ನೊಂದು ಮಾತು. ಎಷ್ಟೋ ಸಲ ತೆಗೆಯಬೇಕಾದ್ದು ವಾರ್ನಿಷೇ ಅಲ್ಲ, ಕೊಳೆ. ಹಳೇ ಆರಾಮ ಕುರ್ಚಿಯ ತೋಳುಗಳನ್ನು ಹತ್ತಿರದಿಂದ ನೋಡಿ. ಅಂಗೈ ಊರುವ ತುದಿಯಲ್ಲಿ ಕಪ್ಪಗೆ, ಜಿಡ್ಡಾಗಿ, ಉಗುರು ಹಾಕಿದರೆ ಗೀರು ಬೀಳುವಷ್ಟು ಮೆತ್ತಗಿರುತ್ತದೆ. ತಲೆ ಒರಗುವ ಪಟ್ಟಿಯ ಮೇಲೂ ಅಷ್ಟೆ, ಅಲ್ಲಿ ಕೊಬ್ಬರಿ ಎಣ್ಣೆ. ಬೆವರು ಮತ್ತು ತಲೆಯ ಎಣ್ಣೆ ಸೇರಿ ವರ್ಷಾನುಗಟ್ಟಲೆ ಪಾಲೀಶನ್ನು ಮೆತ್ತಗೆ ಮಾಡಿರುತ್ತವೆ, ಮೆತ್ತಗಾದದ್ದು ಧೂಳು ಹಿಡಿದು ಕಪ್ಪಾಗಿರುತ್ತದೆ. ತೋಳಿನ ಕೆಳಬದಿಗೆ ಕೈ ಹಾಕಿ ನೋಡಿದರೆ ಅಲ್ಲಿ ಪಾಲೀಶ್ ಚೆನ್ನಾಗೇ ಇರುತ್ತದೆ. ಇಂಥ ಕುರ್ಚಿಯನ್ನು ಮೊದಲು ಟರ್ಪೆಂಟೈನ್‌ನಲ್ಲಿ ಒದ್ದೆ ಮಾಡಿದ ಬನಿಯನ್ ಬಟ್ಟೆಯಿಂದ ಒರೆಸಿ, ಬಟ್ಟೆ ಬದಲಿಸುತ್ತಾ ಮೂರು ನಾಲ್ಕು ಸಲ. ಟರ್ಪೆಂಟೈನ್ ಜಿಡ್ಡು ಮತ್ತು ಮೇಣವನ್ನು ಎತ್ತುತ್ತದೆ, ಒಣಗಿದ ಅರಗನ್ನೂ ವಾರ್ನಿಷನ್ನೂ ಮುಟ್ಟುವುದಿಲ್ಲ. ಒರೆಸಿದ ಮೇಲೆ ಉಳಿದದ್ದು ಚೆನ್ನಾಗಿ ಕಂಡರೆ ಅಲ್ಲಿಗೇ ನಿಲ್ಲಿಸಿ, ತೋಳು ಮತ್ತು ತಲೆಪಟ್ಟಿಗೆ ಮಾತ್ರ ಪಾಲೀಶ್ ಮಾಡಿದರೆ ಸಾಕು. ಪೂರ್ತಿ ತೆಗೆಯುವುದಿದ್ದರೂ ಈ ಒರೆಸುವ ಕೆಲಸ ಬಿಡಬೇಡಿ. ಜಿಡ್ಡಿನ ಮೇಲೆ ರಿಮೂವರ್ (ವಾರ್ನಿಷ್ ಮೆತ್ತಗೆ ಮಾಡಿ ಎಬ್ಬಿಸುವ ದ್ರವ) ಸಮವಾಗಿ ಕೂರುವುದಿಲ್ಲ.

ಅರಗು ಅಂತ ಖಾತ್ರಿಯಾದರೆ ಪೇಂಟ್ ರಿಮೂವರ್ ತರುವ ಅಗತ್ಯವೇ ಇಲ್ಲ. ಒಂದು ಆರಾಮ ಕುರ್ಚಿಗೆ ಒಂದು ಲೀಟರ್ ಸ್ಪಿರಿಟ್ ಸಾಕಾಗುತ್ತದೆ. ಒಂದಡಿ ಉದ್ದದ ಜಾಗ ಗೊತ್ತುಮಾಡಿಕೊಂಡು ಬ್ರಷ್‌ನಲ್ಲಿ ಧಾರಾಳವಾಗಿ ಸ್ಪಿರಿಟ್ ಹಚ್ಚಿ, ಮೇಲೆ ಅದರಲ್ಲೇ ನೆನೆಸಿದ ಬಟ್ಟೆ ಹೊದಿಸಿ ಐದು ನಿಮಿಷ ಬಿಡಿ. ಬಟ್ಟೆ ಹೊದಿಸದೆ ಹಚ್ಚಿದರೆ ನಮ್ಮ ಬಿಸಿಲಿಗೆ ಎರಡೇ ನಿಮಿಷಕ್ಕೆ ಆರಿ, ಕರಗಿದ ಅರಗು ಮತ್ತೆ ಅಲ್ಲೇ ಗಟ್ಟಿಯಾಗುತ್ತದೆ. ಬಟ್ಟೆ ತೆಗೆದ ಕೂಡಲೇ ಒಂದು ಹಿಡಿ ಮರದ ಹೊಟ್ಟು ಉದುರಿಸಿ ತೆಂಗಿನ ನಾರಿನಿಂದ ಮರದ ಎಳೆಯ ಉದ್ದಕ್ಕೆ ಉಜ್ಜಿ. ಹೊಟ್ಟು ಕರಗಿದ ಅರಗನ್ನು ಹೀರಿಕೊಂಡು ಸಣ್ಣ ಉಂಡೆಗಳಾಗಿ ಉದುರುತ್ತದೆ. ಮರಗೆಲಸದ ಅಂಗಡಿಗಳಲ್ಲಿ ಹೊಟ್ಟು ಮೂಟೆಗಟ್ಟಲೆ ಸಿಗುತ್ತದೆ, ಆದರೆ ಪ್ಲೈವುಡ್ ಕೊಯ್ದ ಹೊಟ್ಟು ಬೇಡ. ಅದರಲ್ಲಿ ಗಟ್ಟಿಯಾದ ಅಂಟಿನ ಚೂರುಗಳಿದ್ದು ಗೀರು ಬೀಳುತ್ತದೆ. ಕೊನೆಗೆ ಚೊಕ್ಕ ಬಟ್ಟೆ, ಚೊಕ್ಕ ಸ್ಪಿರಿಟ್. ಬಟ್ಟೆಗೆ ಬಣ್ಣ ಹತ್ತುವುದು ನಿಂತರೆ ಮುಗಿಯಿತು.

ಎಣ್ಣೆ ವಾರ್ನಿಷ್, ಮೆಲಮೈನ್, ಪಿಯು ಆದರೆ ರಿಮೂವರ್ ಬೇಕು. ಡಬ್ಬದ ಮೇಲಿನ ಚೀಟಿ ಓದಿ ತನ್ನಿ. ಬೇಗ ಕೆಲಸ ಮಾಡುವ ರಿಮೂವರ್‌ಗಳಲ್ಲಿ ಮುಖ್ಯವಾಗಿ ಇರುವುದು ಮೆಥಿಲೀನ್ ಕ್ಲೋರೈಡ್. ಅದು ಸುಮಾರು 40 ಡಿಗ್ರಿಗೆ ಕುದಿಯುವ ದ್ರವ. ಏಪ್ರಿಲ್ ಮಧ್ಯಾಹ್ನ ಮಂಡ್ಯದಲ್ಲಿ ಬಿಸಿಲಿಗಿಟ್ಟ ಹಲಗೆ ಅದಕ್ಕಿಂತ ಬಿಸಿಯಾಗಿರುತ್ತದೆ. ಹಚ್ಚಿದ್ದು ಹಚ್ಚಿದಂತೆ ಹಾರಿಹೋಗಿ ವಾರ್ನಿಷ್ ಇದ್ದಲ್ಲೇ ಇರುತ್ತದೆ, ಹಾರಿಹೋದದ್ದು ನಿಮ್ಮ ಶ್ವಾಸಕೋಶ ಸೇರುತ್ತದೆ. ಹೊರಗೆ, ನೆರಳಿನಲ್ಲಿ, ಬೆಳಗ್ಗೆ ಏಳರಿಂದ ಹತ್ತರ ಒಳಗೆ ಮಾಡುವ ಕೆಲಸ ಇದು.

ಮನೆಯೊಳಗೆ ಬೇಡವೇ ಬೇಡ. ಇದರ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ನಾವೋ ಕುರ್ಚಿಯ ಕಾಲು ಕೆರೆಯಲು ನೆಲದ ಮೇಲೇ ಚಕ್ಕಳಮಕ್ಕಳ ಹಾಕಿ ಕೂರುವವರು. ಒಳಗೆ ಹೋದದ್ದನ್ನು ದೇಹ ಕಾರ್ಬನ್ ಮೊನಾಕ್ಸೈಡ್ ಆಗಿ ಮಾರ್ಪಡಿಸುತ್ತದೆ, ಹೃದಯದ ತೊಂದರೆ ಇರುವವರು ಹತ್ತಿರವೂ ಬರಬಾರದು. ಬಟ್ಟೆಯ ಮಾಸ್ಕ್ ಇದನ್ನು ತಡೆಯುವುದಿಲ್ಲ. ತೆಳು ನೈಟ್ರೈಲ್ ಕೈಗವಸನ್ನು ಕೆಲವೇ ನಿಮಿಷಗಳಲ್ಲಿ ದಾಟಿಬಿಡುತ್ತದೆ. ಮಂದದ್ದು ಹಾಕಿ, ಬೆರಳು ತಣ್ಣಗಾದಂತೆ ಅಥವಾ ಉರಿದಂತೆ ಅನಿಸಿದ ಕೂಡಲೇ ಬದಲಿಸಿ. ಕಣ್ಣಿಗೆ ಕನ್ನಡಕ ಕಡ್ಡಾಯ. ಉರಿಯುವ ಒಲೆ, ದೇವರ ದೀಪ, ಬೀಡಿ ಯಾವುದೂ ಸುತ್ತ ಇರಬಾರದು: ಸ್ಪಿರಿಟ್ ಮತ್ತು ಥಿನ್ನರ್ ಹತ್ತಿಕೊಳ್ಳುತ್ತವೆ, ಮೆಥಿಲೀನ್ ಕ್ಲೋರೈಡಿನ ಆವಿ ಬೆಂಕಿಗೆ ಸಿಕ್ಕರೆ ವಿಷಗಾಳಿಯಾಗುತ್ತದೆ. ಬೆಂಜೈಲ್ ಆಲ್ಕೋಹಾಲ್ ಇರುವ ರಿಮೂವರ್ ಸಿಕ್ಕರೆ ಅದನ್ನೇ ತನ್ನಿ. ನಿಧಾನ, ಗಂಟೆಗಟ್ಟಲೆ ಕಾಯಬೇಕು, ಆದರೆ ಸಂಜೆ ತಲೆ ಸುತ್ತುವುದಿಲ್ಲ.

ಹಚ್ಚುವ ಮುಂಚೆ ಬಿಚ್ಚುವ ಕೆಲಸ. ಹಿತ್ತಾಳೆ ಹಿಡಿ, ಬೀಗ, ತಿರುಪು ಎಲ್ಲ ಕಳಚಿ. ತೇಗದಲ್ಲಿ ತುಕ್ಕು ಹಿಡಿದು ಕೂತ ತಿರುಪು ಜಗ್ಗದಿದ್ದರೆ ಅದರ ತಲೆಗೆ ಬಿಸಿ ಬೆಸುಗೆ ಕಡ್ಡಿಯನ್ನು (ಸೋಲ್ಡರಿಂಗ್ ಐರನ್) ಎರಡು ನಿಮಿಷ ಒತ್ತಿ ಹಿಡಿದು, ತಣ್ಣಗಾದ ಮೇಲೆ ತಿರುಗಿಸಿ. ಕಾದಾಗ ಹಿಗ್ಗಿ, ಆರಿದಾಗ ಕುಗ್ಗಿ ತುಕ್ಕಿನ ಹಿಡಿತ ಬಿಡುತ್ತದೆ. ಈ ಕೆಲಸವನ್ನು ರಿಮೂವರ್, ಸ್ಪಿರಿಟ್ ಡಬ್ಬಗಳ ಮುಚ್ಚಳ ತೆಗೆಯುವ ಮುಂಚೆಯೇ ಮುಗಿಸಿ. ಬೆತ್ತ ಹೆಣೆದ ಕುರ್ಚಿಯಾದರೆ ಬೆತ್ತವನ್ನು ಎರಡೂ ಬದಿಯಿಂದ ಪಾಲಿಥೀನ್ ಹಾಳೆಯಿಂದ ಮುಚ್ಚಿ ಅಂಚಿಗೆಲ್ಲ ಟೇಪ್ ಹಾಕಿ. ರಿಮೂವರ್ ಬಿದ್ದ ಬೆತ್ತ ಬಣ್ಣಗೆಟ್ಟು ನಾರುನಾರಾಗುತ್ತದೆ, ಅದನ್ನು ಸರಿಮಾಡಲು ಬರುವುದಿಲ್ಲ, ಮತ್ತೆ ಹೆಣೆಸುವುದೇ. ನೆಲಕ್ಕೆ ದಪ್ಪ ರಟ್ಟು, ಅದರ ಮೇಲೆ ನಾಲ್ಕು ಪದರ ಪೇಪರ್. ರೆಡ್ ಆಕ್ಸೈಡ್ ನೆಲದ ಮೇಲೆ ಒಂದು ತೊಟ್ಟು ಬಿದ್ದರೂ ಹೊಳಪು ಹೋಗಿ ಕಲೆ ನಿಲ್ಲುತ್ತದೆ. ಪ್ರತಿ ಕಾಲಿನ ಕೆಳಗೂ ಒಂದೊಂದು ಸ್ಟೀಲ್ ಮುಚ್ಚಳ ಇಟ್ಟರೆ ಇಳಿದು ಬಂದ ರಿಮೂವರನ್ನು ಬ್ರಷ್‌ನಲ್ಲಿ ತೆಗೆದು ಮತ್ತೆ ಹಚ್ಚಬಹುದು. ಥರ್ಮೋಕೋಲ್ ಲೋಟಕ್ಕೆ ಸುರಿದರೆ ಲೋಟವೇ ಕರಗುತ್ತದೆ, ಸ್ಟೀಲ್ ಅಥವಾ ಪಿಂಗಾಣಿ ಬಟ್ಟಲು ಇಟ್ಟುಕೊಳ್ಳಿ. ಡಬ್ಬದ ಮುಚ್ಚಳ ತೆಗೆಯುವಾಗ ಮೇಲೆ ಬಟ್ಟೆ ಹಾಕಿ ನಿಧಾನ ತಿರುಗಿಸಿ. ಬಿಸಿಲಿನಲ್ಲಿ ತಂದ ಡಬ್ಬದೊಳಗೆ ಒತ್ತಡ ಇರುತ್ತದೆ, ಮುಖಕ್ಕೆ ಚಿಮ್ಮುತ್ತದೆ.

ಇನ್ನು ಹಚ್ಚುವ ಕ್ರಮ. ಇದರಲ್ಲೇ ಹೆಚ್ಚಿನವರು ಎಡವುವುದು. ರಿಮೂವರನ್ನು ಪೇಂಟ್ ಬಳಿದಂತೆ ಹಿಂದೆ ಮುಂದೆ ತಿಕ್ಕಬಾರದು. ಬ್ರಷ್ ತುಂಬ ತೆಗೆದುಕೊಂಡು ಒಂದೇ ದಿಕ್ಕಿಗೆ ಎಳೆದು, ಇಡ್ಲಿ ತಟ್ಟೆಗೆ ಹಿಟ್ಟು ಹೊಯ್ದಂತೆ ಮಂದವಾಗಿ ಕೂರಿಸಿ ಬಿಟ್ಟುಬಿಡಬೇಕು. ಅದರೊಳಗೆ ಮೇಣ ಬೆರೆಸಿರುತ್ತಾರೆ. ಹಚ್ಚಿದ ಸ್ವಲ್ಪ ಹೊತ್ತಿಗೆ ಆ ಮೇಣ ಮೇಲೆ ತೇಲಿ ಬಂದು ಹಾಲಿನ ಕೆನೆಯ ಹಾಗೆ ಪೊರೆ ಕಟ್ಟುತ್ತದೆ. ದ್ರವ ಹಾರಿಹೋಗದಂತೆ ತಡೆಯುವುದು ಆ ಪೊರೆಯೇ. ಮತ್ತೆ ಬ್ರಷ್ ಆಡಿಸಿದರೆ ಪೊರೆ ಹರಿಯಿತು, ಕೆಲಸ ಅರ್ಧಕ್ಕೆ ನಿಂತಿತು. ಹಚ್ಚಿದ ಮೇಲೆ ಪಾಲಿಥೀನ್ ಹಾಳೆ ಹೊದಿಸಿದರೆ ಇನ್ನೂ ಒಳ್ಳೆಯದು. ಹದಿನೈದು ಇಪ್ಪತ್ತು ನಿಮಿಷ ಬಿಡಿ. ವಾರ್ನಿಷ್ ಸುಕ್ಕುಸುಕ್ಕಾಗಿ ಮೇಲೇಳುತ್ತದೆ, ಅಥವಾ ಹಳೇ ವಾರ್ನಿಷ್ ಆದರೆ ಸುಕ್ಕಿಲ್ಲದೆ ಬರೀ ಅಂಟಾಗುತ್ತದೆ. ಪಟ್ಟಿ ತಗಡಿನ (ಕೆರೆಯುವ ಚಪ್ಪಟೆ ಅಲಗು) ಮೂಲೆಯಿಂದ ಒಂದು ಕಡೆ ತಳ್ಳಿ ನೋಡಿ. ಮರದವರೆಗೂ ಬಂದರೆ ಕೆರೆಯಿರಿ. ಅರ್ಧಕ್ಕೆ ನಿಂತರೆ ಕೆರೆಯಬೇಡಿ, ಅದರ ಮೇಲೇ ಇನ್ನೊಂದು ಪದರ ಹಾಕಿ ಹತ್ತು ನಿಮಿಷ ಕಾಯಿರಿ. ತೋಳಿನ ಬಲಕ್ಕಿಂತ ಈ ಕಾಯುವಿಕೆಯೇ ಹೆಚ್ಚು ಕೆಲಸ ಮಾಡುತ್ತದೆ. ನಾಲ್ಕೈದು ಪದರ ವಾರ್ನಿಷ್ ಕೂತ ಆರಾಮ ಕುರ್ಚಿಗೆ ಒಂದು ಲೀಟರ್ ರಿಮೂವರ್ ಹಿಡಿಯುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಒಂದೇ ಸಲಕ್ಕೆ ಇಡೀ ಕುರ್ಚಿಗೆ ಹಚ್ಚಬೇಡಿ, ಕೆರೆಯುವಷ್ಟರಲ್ಲಿ ಕೊನೆಯ ಕಾಲು ಒಣಗಿ ಮೊದಲಿಗಿಂತ ಗಟ್ಟಿಯಾಗುತ್ತದೆ.

ಪಟ್ಟಿ ತಗಡಿನ ಎರಡೂ ಮೂಲೆಗಳನ್ನು ಅರದಿಂದ ಉಜ್ಜಿ ಗುಂಡು ಮಾಡಿಕೊಳ್ಳಿ. ಮೂಲೆ ಚೂಪಾಗಿದ್ದರೆ ರಿಮೂವರ್‌ನಿಂದ ಮೆತ್ತಗಾದ ಮರದಲ್ಲಿ ಉಳುಮೆ ಮಾಡಿದಂತೆ ಗೆರೆ ಬೀಳುತ್ತದೆ. ತಗಡನ್ನು ಮಲಗಿಸಿ ಹಿಡಿದು ಎಳೆಯ ಉದ್ದಕ್ಕೇ ತಳ್ಳಬೇಕು. ಕಡೆದ ಕಾಲುಗಳಿಗೆ ತಗಡು ಬೇಡ. ಬಳೆಗಳ ಸಂದಿಗೆ ಸೆಣಬಿನ ಹುರಿ ಒಂದು ಸುತ್ತು ಹಾಕಿ, ಎರಡೂ ತುದಿ ಹಿಡಿದು ಮಜ್ಜಿಗೆ ಕಡೆಯುವ ಹಾಗೆ ಎಳೆದಾಡಿದರೆ ಸಂದಿಯೊಳಗಿನದೆಲ್ಲ ಹುರಿಗೆ ಸುತ್ತಿಕೊಂಡು ಬರುತ್ತದೆ. ಹುರಿ ಕೊಳೆಯಾದಂತೆ ಮುಂದಕ್ಕೆ ಸರಿಸಿಕೊಳ್ಳಿ. ಕೆತ್ತನೆಗೆ ಬಿದಿರಿನ ಕಡ್ಡಿಯ ತುದಿ ಚೂಪು ಮಾಡಿಕೊಂಡು ಕೆರೆಯಬಹುದು, ಹಳೇ ಹಲ್ಲುಜ್ಜುವ ಬ್ರಷ್ಷೂ ಆದೀತು. ಸ್ಟೀಲ್ ನಾರು ಮಾತ್ರ ಬೇಡ. ಅದರ ತುಣುಕುಗಳು ತೇಗದ ಎಳೆಯಲ್ಲಿ ಸಿಕ್ಕಿಕೊಂಡು, ಆಮೇಲೆ ತೇವ ತಗುಲಿದಾಗ ಮರದ ಒಗರಿನ ಜೊತೆ ಸೇರಿ ಇದ್ದಿಲ ಪುಡಿ ಎರಚಿದಂತೆ ಕಪ್ಪು ಚುಕ್ಕೆಗಳಾಗುತ್ತವೆ.

ಕೆರೆದು ಮುಗಿದಾಗ ಮರ ಚೊಕ್ಕವಾದಂತೆ ಕಾಣುತ್ತದೆ, ಆದರೆ ಆಗಿರುವುದಿಲ್ಲ. ಆಗ ಹೇಳಿದ ಮೇಣ ಮರದ ರಂಧ್ರಗಳಲ್ಲಿ ಉಳಿದಿರುತ್ತದೆ. ಅದರ ಮೇಲೆ ಹೊಸ ವಾರ್ನಿಷ್ ಬಳಿದರೆ ವಾರವಾದರೂ ಒಣಗುವುದಿಲ್ಲ, ಒಣಗಿದರೂ ಸಿಪ್ಪೆ ಏಳುತ್ತದೆ. 'ಹೊಸ ವಾರ್ನಿಷ್ ಡಬ್ಬವೇ ಸರಿ ಇರಲಿಲ್ಲ' ಅನ್ನುವ ದೂರುಗಳಲ್ಲಿ ಹಲವು ಈ ಮೇಣದ ಕೆಲಸ. ಎನ್‌ಸಿ ಥಿನ್ನರ್‌ನಲ್ಲಿ ನೆನೆಸಿದ ತೆಂಗಿನ ನಾರಿನಿಂದ ಒಮ್ಮೆ ಉಜ್ಜಿ, ಒಣಗುವ ಮುಂಚೆಯೇ ಚೊಕ್ಕ ಬಟ್ಟೆಯಿಂದ ಎತ್ತಿ. ಬಟ್ಟೆ ಬದಲಿಸಿ ಇನ್ನೊಮ್ಮೆ. ಮೂರನೆಯ ಸಲ ಟರ್ಪೆಂಟೈನ್. ಒಣಗಲು ಬಿಟ್ಟರೆ ಮೇಣ ಮತ್ತೆ ಅಲ್ಲೇ ಕೂರುತ್ತದೆ, ಕರಗಿಸಿದ್ದೇ ಬಂತು. ಡಬ್ಬದ ಮೇಲೆ 'ನೀರಿನಿಂದ ತೊಳೆಯಿರಿ' ಅಂತ ಬರೆದಿದ್ದರೂ ಹಳೇ ಸಾಮಾನಿಗೆ ನೀರು ಹೊಯ್ಯಬೇಡಿ. ಆ ಕಾಲದ ಆಚಾರಿಗಳು ಕೀಲು ಕೂರಿಸುತ್ತಿದ್ದದ್ದು ಮರವಜ್ರದಿಂದ. ಅದು ಪ್ರಾಣಿಗಳ ಚರ್ಮ, ಮೂಳೆಯ ಅಂಟು, ನೀರು ಕುಡಿದರೆ ಬಿಡುತ್ತದೆ. ಕುರ್ಚಿ ಚೊಕ್ಕವಾಗುತ್ತದೆ, ಕಾಲು ಅಲುಗಾಡುತ್ತದೆ.

ತೊಳೆದ ಮೇಲೆ ಬೀಟೆ, ತೇಗದ ರಂಧ್ರಗಳೆಲ್ಲ ಬಿಳಿಬಿಳಿ ಕಂಡರೆ ಗಾಬರಿ ಬೇಡ. ಹಿಂದೆ ಪಾಲೀಶಿನವರು ಚಾಕ್ ಪುಡಿಗೆ ಕಾವಿ ಬೆರೆಸಿ ರಂಧ್ರ ತುಂಬುತ್ತಿದ್ದರು. ಕಾವಿಯ ಬಣ್ಣ ಮತ್ತು ಎಣ್ಣೆ ಹೋಗಿ ಚಾಕ್ ಮಾತ್ರ ಉಳಿದಿದೆ ಅಷ್ಟೆ. ಗಟ್ಟಿ ಬ್ರಷ್‌ನಿಂದ ಎಳೆಯ ಉದ್ದಕ್ಕೆ ಉಜ್ಜಿ ತೆಗೆದು, ಪಾಲೀಶ್ ಮಾಡುವಾಗ ಮರದ ಬಣ್ಣಕ್ಕೆ ಹೊಂದುವ ಹೊಸ ಫಿಲ್ಲರ್ ತುಂಬಬೇಕು.

ಮೈಸೂರಿನಲ್ಲಿ ಈ ವಿಷಯ ಬರೆದು ಬೀಟೆಯ ಇನ್ಲೇ ಕೆಲಸದ (ಹಲಗೆಯೊಳಗೆ ಬೇರೆ ಬಣ್ಣದ ಚೂರು ಕೂರಿಸಿ ಚಿತ್ರ ಮಾಡುವುದು) ಬಗ್ಗೆ ಹೇಳದಿದ್ದರೆ ಆಗುವುದಿಲ್ಲ, ಏಕೆಂದರೆ ಮೇಲೆ ಹೇಳಿದ್ದರಲ್ಲಿ ಅರ್ಧದಷ್ಟು ಅಲ್ಲಿ ನಡೆಯದು. ಬೀಟೆಯ ಕೆಂಪು ನೇರಳೆ ಬಣ್ಣ ಸ್ಪಿರಿಟ್‌ನಲ್ಲಿ ಕರಗುತ್ತದೆ. ಬಟ್ಟೆಗೆ ಹತ್ತಿದ್ದು ಪಾಲೀಶೋ ಮರದ್ದೇ ಬಣ್ಣವೋ ಅಂತ ಗೊತ್ತಾಗದೆ ಉಜ್ಜುತ್ತಲೇ ಹೋಗುವವರಿದ್ದಾರೆ. ಅರಗು ಕಿತ್ತಳೆ ಛಾಯೆಯ ಕಂದು, ಅಂಟು. ಬೀಟೆಯ ಬಣ್ಣ ನೇರಳೆ, ಅಂಟುವುದಿಲ್ಲ. ನೇರಳೆ ಕಂಡ ಕೂಡಲೇ ಕೈ ನಿಲ್ಲಬೇಕು. ಇನ್ಲೇ ಇದ್ದರಂತೂ ಆ ಬಣ್ಣ ಪಕ್ಕದ ಬಿಳಿ ಮರಕ್ಕೋ, ಹಳೇ ಸಾಮಾನಾದರೆ ದಂತಕ್ಕೋ ಇಳಿದು ಆನೆಯ ಬಿಳಿ ಅಂಬಾರಿ ನಸುಗೆಂಪಾಗುತ್ತದೆ, ಮತ್ತೆ ಬಿಳಿಯಾಗುವುದಿಲ್ಲ. ಹೊಸ ಕಾಲದ ಇನ್ಲೇಯಲ್ಲಿ ಪ್ಲಾಸ್ಟಿಕ್ ಇರುತ್ತದೆ, ರಿಮೂವರ್ ಅದನ್ನೇ ಕರಗಿಸಬಹುದು. ಇನ್ಲೇ ಇರುವ ಹಲಗೆಯನ್ನು ಹತ್ತಿ ಸುತ್ತಿದ ಕಡ್ಡಿಯಲ್ಲಿ ಸ್ಪಿರಿಟ್ ತೆಗೆದುಕೊಂಡು ಒಂದೊಂದು ಚದರ ಅಂಗುಲ ಮಾಡಬೇಕು. ಚಿತ್ರದ ಒಳಗಿನಿಂದ ಬೀಟೆಯ ಕಡೆಗೆ ಒರೆಸಬೇಕು, ಬೀಟೆಯಿಂದ ಚಿತ್ರದ ಕಡೆಗಲ್ಲ. ಚಿತ್ರ ಬೆಲೆಬಾಳುವಂಥದ್ದಾದರೆ ನೀವು ಮಾಡಲೇಬೇಡಿ, ಮಂಡಿ ಮೊಹಲ್ಲಾ ಕಡೆ ಇದೇ ಕಸುಬು ಮಾಡುವ ಕೈಗಳಿವೆ. ವೆನೀರ್ (ಮರದ ತೆಳು ಹಾಳೆ) ಅಂಟಿಸಿದ ಬೀರು, ಮೇಜಿಗೂ ಇದೇ ಎಚ್ಚರ: ಈಗಿನ ವೆನೀರ್ ಎಷ್ಟೋ ಸಲ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ, ಸ್ಯಾಂಡ್‌ಪೇಪರ್ ಜೋರಾಗಿ ಎಳೆದರೆ ಕೆಳಗಿನ ಪ್ಲೈ ಕಾಣುತ್ತದೆ.

ಕಾಸ್ಟಿಕ್ ಸೋಡಾ ಕಲಸಿ ಬಳಿಯುವ ಅಡ್ಡದಾರಿಯೂ ಇದೆ. ವಾರ್ನಿಷ್ ಹೋಗುವುದು ನಿಜ. ಅದರ ಜೊತೆ ತೇಗ ಕಪ್ಪಗಾಗುತ್ತದೆ, ಎಳೆಗಳು ಎದ್ದು ನಿಲ್ಲುತ್ತವೆ, ಸಂದಿಯಲ್ಲಿ ಉಳಿದ ಸೋಡಾ ಹೊಸ ವಾರ್ನಿಷನ್ನೂ ಒಳಗಿನಿಂದ ತಿನ್ನುತ್ತದೆ. ಕಬ್ಬಿಣದ ಗೇಟಿಗೆ ಸರಿ, ಕುರ್ಚಿಗೆ ಬೇಡ. ಹೀಟ್ ಗನ್ ಸಪಾಟು ಬಾಗಿಲಿಗೆ ಪರವಾಗಿಲ್ಲ, ಗಾಜಿನ ಹತ್ತಿರ, ವೆನೀರ್ ಮೇಲೆ, ಇನ್ಲೇ ಮೇಲೆ ಬೇಡ. ಬಾಗಿಲಿನ ಮೇಲೆ ವಾರ್ನಿಷ್ ಕೆಳಗೆ ಹಳೇ ಬಣ್ಣದ ಪೇಂಟ್ ಕಂಡರೆ, ಅದರಲ್ಲೂ ಕಿತ್ತಳೆಗೆಂಪು ಅಸ್ತರು ಕಂಡರೆ, ಒಣ ಉಜ್ಜುವುದನ್ನೂ ಹೀಟ್ ಗನ್ನನ್ನೂ ಬಿಟ್ಟುಬಿಡಿ. ಹಳೇ ಪೇಂಟಿನಲ್ಲಿ ಸೀಸ ಇರುತ್ತದೆ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರಲ್ಲಿ. ರಿಮೂವರ್ ಹಚ್ಚಿ ಒದ್ದೆಯಾಗಿಯೇ ಎತ್ತಬೇಕು, ಮಕ್ಕಳನ್ನು ದೂರ ಇಡಬೇಕು.

ವಾರ್ನಿಷ್ ಹೋದ ಮೇಲೆ ಕೆಳಗಿನ ಕಲೆಗಳು ಬೆಳಕಿಗೆ ಬರುತ್ತವೆ. ಮೊಳೆಯ ಸುತ್ತ, ಹೂಕುಂಡ ಇಟ್ಟಲ್ಲಿ ಕಾಣುವ ನೀಲಿಗಪ್ಪು ಕಲೆ ಕಬ್ಬಿಣದ್ದು. ಅದಕ್ಕೆ ಆಕ್ಸಾಲಿಕ್ ಆಮ್ಲ. ಅರ್ಧ ಲೀಟರ್ ಬಿಸಿನೀರಿಗೆ 30 ಗ್ರಾಂ ಹರಳು, ಪ್ಲಾಸ್ಟಿಕ್ ಅಥವಾ ಗಾಜಿನ ಪಾತ್ರೆಯಲ್ಲಿ. ಮಂಡ್ಯ ಕಡೆಯ ಬೋರ್‌ವೆಲ್ ಗಡಸು ನೀರಿನಲ್ಲಿ ಕಲಸಿದರೆ ಅದರೊಳಗಿನ ಸುಣ್ಣದ ಅಂಶದ ಜೊತೆ ಆಮ್ಲ ಸೇರಿ ಬಿಳಿ ಗಸಿ ಕಟ್ಟುತ್ತದೆ, ಮರದ ಮೇಲೆ ಆ ಬಿಳುಪು ನಿಲ್ಲುತ್ತದೆ. ಆರ್‌ಒ ಫಿಲ್ಟರ್ ನೀರು ಬಳಸಿ. ಕಲೆಗೆ ಮಾತ್ರ ಹಚ್ಚಿದರೆ ಅಲ್ಲಿ ಬೆಳ್ಳಗಿನ ವೃತ್ತ ಉಳಿಯುತ್ತದೆ, ಆದ್ದರಿಂದ ಇಡೀ ಹಲಗೆಗೆ ಬ್ರಷ್‌ನಲ್ಲಿ ತೆಳುವಾಗಿ ಹಚ್ಚಿ ಇಪ್ಪತ್ತು ನಿಮಿಷ ಬಿಡಿ. ಆಮೇಲೆ ಒದ್ದೆ ಬಟ್ಟೆ ಹಿಂಡಿ ಮೂರು ಸಲ ಒರೆಸಬೇಕು. ನೀರು ಹೊಯ್ಯುವುದಲ್ಲ, ಒರೆಸುವುದು. ಆಮ್ಲ ಹಾಗೇ ಒಣಗಿ ಹರಳಾದರೆ ಮುಂದೆ ಸ್ಯಾಂಡ್‌ಪೇಪರ್ ಹಾಕುವಾಗ ಪುಡಿ ಗಂಟಲಿಗೆ ಹೋಗಿ ಕೆಮ್ಮು ಹಿಡಿಸುತ್ತದೆ, ಅದು ವಿಷ ಕೂಡ. ಹೊಸ್ತಿಲಿನ ಅರಿಶಿನದ ಹಳದಿ ಮಾತ್ರ ಬಿಸಿಲಿಗೆ ತಾನಾಗಿ ಪೇಲವವಾಗುತ್ತದೆ, ಅದಕ್ಕೆ ಆಮ್ಲ ದಂಡ. ಕುಂಕುಮದ ಕೆಂಪು ಎಣ್ಣೆಯ ಜೊತೆ ಇಳಿದದ್ದು ಪೂರ್ತಿ ಹೋಗುವುದಿಲ್ಲ, ಇರಲಿ ಬಿಡಿ. ಎಣ್ಣೆ ಕಲೆಗೆ ಚಾಕ್ ಪುಡಿಯನ್ನು ಥಿನ್ನರ್‌ನಲ್ಲಿ ಕಲಸಿ ದೋಸೆಹಿಟ್ಟಿನ ಹದಕ್ಕೆ ಮೆತ್ತಿ, ಒಣಗಿದ ಮೇಲೆ ಉದುರಿಸಿ. ಎರಡು ಮೂರು ಸಲ ಮಾಡಬೇಕಾಗಬಹುದು.

ಸ್ಯಾಂಡ್‌ಪೇಪರ್‌ಗೆ ಸರದಿ ಈಗ. ಎರಡು ದಿನ ನೆರಳಲ್ಲಿ ಒಣಗಿದ ಮರಕ್ಕೆ 180, ಅದರ ಮೇಲೆ 220. ಅಷ್ಟು ಸಾಕು. 80 ಬೇಕಾಗುವುದು ಆಳವಾದ ಗಾಯಕ್ಕೆ ಮಾತ್ರ, ಅದಕ್ಕೂ ಮೊದಲು ಒದ್ದೆ ಬಟ್ಟೆ ಇಟ್ಟು ಇಸ್ತ್ರಿಪೆಟ್ಟಿಗೆಯ ತುದಿ ಆಡಿಸಿ ನೋಡಿ, ತಗ್ಗು ಉಬ್ಬಿ ಬಂದೀತು. ಹಲಸಿನ ಮರವನ್ನು ಉಜ್ಜಿದಾಗ ಅರಿಶಿನದಂಥ ಹಳದಿ ಹೊರಬಂದರೆ ಬಣ್ಣ ಹಚ್ಚಲು ಓಡಬೇಡಿ. ತಿಂಗಳುಗಳಲ್ಲಿ ಬೆಳಕಿಗೆ ತಾನೇ ಕಂದಾಗುತ್ತದೆ. ಈಗ ಕಂದು ಬಣ್ಣ ಹಚ್ಚಿದರೆ ವರ್ಷದ ಹೊತ್ತಿಗೆ ಕಪ್ಪಗೆ ಕಾಣುತ್ತದೆ. ಬೆತ್ತ ಜೋಲುಬಿದ್ದಿದ್ದರೆ ಹೊಸ ಪಾಲೀಶ್‌ಗೆ ಮುಂಚೆಯೇ ಕೆಳಬದಿಗೆ ಬಿಸಿನೀರಿನ ಬಟ್ಟೆ ಒತ್ತಿ ನೆನೆಸಿ, ರಾತ್ರಿಯಿಡೀ ಒಣಗಲು ಬಿಡಿ. ಹರಿದಿರದಿದ್ದರೆ ಒಣಗುತ್ತಾ ಬಿಗಿಯಾಗುತ್ತದೆ.

ಹೊಸದಾಗಿ ಏನು ಹಚ್ಚಬೇಕು ಅನ್ನುವುದು ಬೇರೆಯದೇ ಕಥೆ. ನನ್ನನ್ನು ಕೇಳಿದರೆ ಕುರ್ಚಿ, ಮಂಚ, ಬೀರುಗಳಿಗೆ ಮತ್ತೆ ಅರಗೇ. ಒಂದು ಲೀಟರ್ ಸ್ಪಿರಿಟ್‌ಗೆ 200 ಗ್ರಾಂ ಅರಗಿನ ಹಾಳೆ, ಗಾಜಿನ ಬಾಟಲಿಯಲ್ಲಿ ರಾತ್ರಿ ನೆನೆಹಾಕಿ ಬೆಳಗ್ಗೆ ಮಲ್ಮಲ್ ಬಟ್ಟೆಯಲ್ಲಿ ಸೋಸಬೇಕು. ಕಬ್ಬಿಣದ ಡಬ್ಬದಲ್ಲಿ ಇಟ್ಟರೆ ಕಪ್ಪಾಗುತ್ತದೆ. ಮೊದಲ ಕೈಗೆ ಅಷ್ಟೇ ಸ್ಪಿರಿಟ್ ಬೆರೆಸಿ ತೆಳು ಮಾಡಿಕೊಳ್ಳಿ. ಕಲಸಿಟ್ಟು ಆರು ತಿಂಗಳು ದಾಟಿದ್ದನ್ನು ಹಚ್ಚಬೇಡಿ, ಸರಿಯಾಗಿ ಒಣಗದೆ ಅಂಟಂಟಾಗಿಯೇ ಉಳಿಯುತ್ತದೆ. ಮಳೆ ಹಿಡಿದ ಜುಲೈ, ಆಗಸ್ಟ್‌ನಲ್ಲೂ ಬೇಡ: ಸ್ಪಿರಿಟ್ ಹಾರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲಿ ಕೂತು ಪಾಲೀಶ್ ಹಾಲು ಚೆಲ್ಲಿದಂತೆ ಬಿಳಿಚುತ್ತದೆ. ದಸರಾಕ್ಕೆ ಸಾಮಾನು ಹೊಳೆಯಬೇಕು ಅಂತಿದ್ದರೆ ಫೆಬ್ರವರಿ, ಮಾರ್ಚ್‌ನಲ್ಲೇ ಕೆಲಸ ಮುಗಿಸಿ. ಊಟದ ಮೇಜಿಗೆ ಮಾತ್ರ ಅರಗು ಆಗದು, ಬಿಸಿ ಪಾತ್ರೆ ಇಟ್ಟರೆ ಗುರುತು ಬೀಳುತ್ತದೆ. ಅದಕ್ಕೆ ಪಿಯು ಹಾಕಿ, ತೇಗವಾದರೆ ಹಚ್ಚುವ ಸ್ವಲ್ಪ ಮುಂಚೆ ಥಿನ್ನರ್‌ನಲ್ಲಿ ಒರೆಸಿ. ತೇಗದೊಳಗಿನ ಎಣ್ಣೆ ಪಿಯು ಹಿಡಿಯಲು ಬಿಡುವುದಿಲ್ಲ.

ಕೆರೆದು ತೆಗೆದ ಗಸಿಯನ್ನು ಬಚ್ಚಲಿಗೋ ಚರಂಡಿಗೋ ಹಾಕಬೇಡಿ. ಪಿವಿಸಿ ಪೈಪ್ ಮೆತ್ತಗಾಗುತ್ತದೆ, ಗಸಿ ಮುಂದೆ ಹೋಗಿ ಗಟ್ಟಿಯಾಗಿ ಕಟ್ಟುತ್ತದೆ. ಹೊಟ್ಟಿನ ಜೊತೆ ಕಲಸಿ ಹೊರಗೆ ತಗಡಿನ ಡಬ್ಬದಲ್ಲಿ ಎರಡು ದಿನ ಒಣಗಿಸಿ, ಮನೆಯ ಅಪಾಯಕಾರಿ ಕಸದ ಜೊತೆ ಬೇರೆಯಾಗಿ ಕೊಡಿ. ಸ್ಪಿರಿಟ್, ಥಿನ್ನರ್ ಒರೆಸಿದ ಬಟ್ಟೆಗಳನ್ನು ತಂತಿಯ ಮೇಲೆ ಬಿಡಿಬಿಡಿಯಾಗಿ ಒಣಹಾಕಿ. ಅಗಸೆ ಎಣ್ಣೆ ಅಥವಾ ಎಣ್ಣೆ ವಾರ್ನಿಷ್ ಹತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಳಗೊಳಗೇ ಕಾದು ತಾನಾಗಿ ಹತ್ತಿಕೊಳ್ಳುತ್ತದೆ, ಕಡ್ಡಿ ಗೀರುವುದೇ ಬೇಡ. ಅವನ್ನು ಮಾತ್ರ ನೀರು ತುಂಬಿದ ಬಕೆಟ್‌ಗೆ ಹಾಕಿ ಮನೆಯಿಂದ ಹೊರಗಿಡಿ.